ಮೇಷ್ಟ್ರು ಮಾರಿದ ಕಾರು

ಮೊನ್ನೆ ಹಾಸನದಲ್ಲಿ ಸ್ನೇಹಿತರೊಬ್ಬರ ಕಾರಿನ ಬಾಗಿಲು ತೆಗೆದೆ. ನುಸಿಗುಳಿಗೆಯ ವಾಸನೆ ರಪ್ಪನೆ ಮುಖಕ್ಕೆ ಹೊಡೆಯಿತು. ಹೈಸ್ಕೂಲಿನಲ್ಲಿ ನನಗೆ ಲೆಕ್ಕ ಕಲಿಸಿದ ಮೇಷ್ಟ್ರು ನೆನಪಾದರು. ಅವರ ಕಾರಿನ ಸೀಟಿನಡಿಯಲ್ಲೂ ಇವೇ ಗುಳಿಗೆಗಳಿದ್ದವು...

ಹೊಳೆನರಸೀಪುರದಲ್ಲಿ ಅವರೆಂದರೆ ಸತ್ಯಹರಿಶ್ಚಂದ್ರನ ಸ್ವಂತ ತಮ್ಮ. ಪಕ್ಕದವನ ಉತ್ತರ ನೋಡಿ ಬರೆದವನ ಬೆರಳ ಗಂಟಿಗೆ ಸ್ಕೇಲಿನಲ್ಲಿ ಹೊಡೆದು, "ಕದ್ದದ್ದು ದಕ್ಕಲ್ಲ" ಎನ್ನುತ್ತಿದ್ದರು. ನಾವು ನಂಬಿದೆವು. ನಾನಂತೂ ಮದುವೆಯಾಗಿ ಮಕ್ಕಳಾದ ಮೇಲೂ ನಂಬಿದ್ದೆ, ನನ್ನ ಬುದ್ಧಿಗಿಷ್ಟು!

ಕೆಲವು ವರ್ಷಗಳ ಹಿಂದೆ ಅರಕಲಗೂಡಿನಲ್ಲಿದ್ದ ದೊಡ್ಡಮ್ಮ ಹಾಸಿಗೆ ಹಿಡಿದಿದ್ದರು. ಅವ್ವನಿಗೆ ಮಂಡಿನೋವು. ಅಕ್ಕನನ್ನು ಆಗಾಗ ನೋಡಿಬರಲು ಒಂದು ಕಾರಿದ್ದರೆ ಚೆನ್ನ ಅನ್ನಿಸಿತು. ಮೇಷ್ಟ್ರು ತಮ್ಮ ಕಾರು ಮಾರುತ್ತಾರೆಂದು ತಿಳಿದು ಓಡಿದೆ.

"ನಾಳೆಯಿಂದ ಆಷಾಢ ಕಣಪ್ಪ, ಒಂದು ತಿಂಗಳು ಗಾಡಿ ತಗೊಳ್ಳೋ ಹಂಗಿಲ್ಲ. ಬೇಕಾದ್ರೆ ಇವತ್ತೇ ತಗೊಂಡೋಗು" ಎಂದರು. ಕಾರು ನೋಡಿ ಹೇಳಲು ಮೆಕ್ಯಾನಿಕ್ ಸಂಜೆಗೆ ಬರುತ್ತೇನೆ ಅಂದಿದ್ದ. ಕಾಯಲಿಲ್ಲ. ಗುರುಗಳ ಎದುರಿಗೇ ಅವರ ಕಾರಿನ ಬಾನೆಟ್ ಎತ್ತಿ ನೋಡುವುದೇ? ಛೇ, ಅದೆಂಥ ಮರ್ಯಾದೆ! ಕಾಲಿಗೆ ಬಿದ್ದು ಬೀಗದ ಕೈ ತೆಗೆದುಕೊಂಡೆ. ತಲೆಯ ಮೇಲೆ ಕೈಯಿಟ್ಟು ಆಶೀರ್ವಾದವನ್ನೂ ಮಾಡಿದರು, ಪುಣ್ಯಾತ್ಮ.

ಮೂರೇ ವಾರ. ದೊಡ್ಡಮ್ಮನಿಗೆ ಜೋರಾಗಿದೆ, ತಂಗಿಯನ್ನು ಕೇಳುತ್ತಿದ್ದಾರೆ ಎಂದು ಬೆಳಿಗ್ಗೆ ಫೋನು ಬಂತು. ಅವ್ವನನ್ನು ಕೂರಿಸಿಕೊಂಡು ಹೊರಟೆ. ಅರ್ಧ ದಾರಿಯಲ್ಲಿ ಕಾರು ಹೊಗೆ ಕಾರಿ ನಿಂತಿತು. ಊರಿನಿಂದ ಬಂದ ಮೆಕ್ಯಾನಿಕ್ ಬಾನೆಟ್ ಎತ್ತಿದವನೇ ತಲೆ ಚಚ್ಚಿಕೊಂಡ.

"ಅಯ್ಯೋ ಸಾ, ಇದ್ಯಾಕ್ ತಗಂಡ್ರಿ? ಇಂಜಿನ್ ಓಗ್ಯದೆ, ಇಳಿಸ್ಬೇಕು ಅಂತ ಮೇಷ್ಟ್ರುಗೆ ನಾನೇ ಏಳಿದ್ನಲ್ಲ!"

ಹೇಳುವುದು ಶಾಸ್ತ್ರ, ಇಕ್ಕುವುದು ಗಾಳ ಎಂಬುದಕ್ಕೆ ನನಗೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಯಾವುದೋ ಲಗೇಜ್ ಆಟೋ ಹಿಡಿದು ಅರಕಲಗೂಡು ಮುಟ್ಟುವ ಹೊತ್ತಿಗೆ ಎರಡು ಗಂಟೆ ತಡವಾಗಿತ್ತು. "ತಂಗಿ ಬಂದ್ಲಾ?" ಎಂದು ಎರಡು ಸಲ ಕೇಳಿ ದೊಡ್ಡಮ್ಮ ಕಣ್ಣು ಮುಚ್ಚಿದ್ದರಂತೆ...

ಮಾರನೆಯ ವಾರ ಮೇಷ್ಟ್ರ ಮನೆಗೆ ಹೋಗಿ ಕೂಗಾಡಿದೆ. ಅವರು ಕನ್ನಡಕ ಒರೆಸುತ್ತಾ, "ನೋಡಿ ತಗೋಬೇಕಾಗಿತ್ತು. ಬಾನೆಟ್ ತೆಗೀಬೇಡ ಅಂತ ನಾನೇನಾದ್ರೂ ಅಂದ್ನಾ?" ಎಂದರು. ತಪ್ಪು ಲೆಕ್ಕ ಮಾಡಿದ ಹುಡುಗನನ್ನು ನೋಡುವ ಹಾಗೇ ನನ್ನನ್ನು ನೋಡಿದರು. ಅಂಥ ಮನುಷ್ಯನ ಕಾಲಿಗೆ ಬಿದ್ದೆನಲ್ಲ ಎಂದು ಮೈಯೆಲ್ಲ ಉರಿಯಿತು.

ಹೋದ ವರ್ಷ ಅವರು ತೀರಿಕೊಂಡರು. ಹಳೆಯ ವಿದ್ಯಾರ್ಥಿಗಳು ನುಡಿನಮನಕ್ಕೆ ಕರೆದರು. ಹೋಗಲಿಲ್ಲ. ಅವರ ಫೋಟೊಗೆ ಹೂವು ಹಾಕುವಷ್ಟು ದೊಡ್ಡ ಮನಸ್ಸು ನನಗಿಲ್ಲ. ಬೇಕಾಗಿಯೂ ಇಲ್ಲ. ನಾನು ಭಯಭಕ್ತಿಯಿಂದ ಕೈಮುಗಿಯುತ್ತಿದ್ದ ಮೇಷ್ಟ್ರು ಎಂದೋ ಹೋಗಿಯಾಗಿತ್ತು.

ಮೊನ್ನೆ ಹಾಸನದಿಂದ ಬಂದವನು ಆ ವಾಸನೆಯ ಸುದ್ದಿ ಎತ್ತಿ ಮತ್ತೆ ಅವರನ್ನು ಬೈಯತೊಡಗಿದೆ. ಅವ್ವ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ತಲೆ ಎತ್ತಲಿಲ್ಲ.

"ಸತ್ತೋರ್ನ ಯಾಕ್ಲಾ ಬೈತೀಯ? ಮಂಡಿ ನೋವಾದ್ರೂ ಆಯ್ತು, ಬಸ್ಸಲ್ಲೇ ಓಗ್ಬುಡನ ಅಂತ ಅವತ್ತು ನಾನು ಬಡ್ಕಂಡೆ. ಅರಕಲಗೂಡಲ್ಲಿ ಎಲ್ರೂ ಕಾರು ನೋಡ್ಲಿ ಅಂದೋನು ನೀನೇ ಕಣ್ಲಾ."