ಸತ್ತವರ ಸಾಲಿನ ಕೊನೆಯ ಎಲೆ

ಅಬ್ಬೆ ತೀರಿಕೊಂಡು ಒಂದು ಮಳೆಗಾಲ ಕಳೆಯಿತು. ಈ ಹೊತ್ತಿಗೆ ಕೊಕ್ಕರ್ಣೆಯ ನಮ್ಮ ಮನೆಗೆ ಹೊಸ ಅಕ್ಕಿ ಬಂದಿರುತ್ತದೆ. ಸತ್ತ ಹಿರಿಯರಿಗೆ ಬಡಿಸುವ ದಿನವನ್ನು ಮಾವ ಗೊತ್ತುಮಾಡಿರುತ್ತಾರೆ. ನನಗೆ ಹೇಳಿಕಳಿಸುವವರಿಲ್ಲ. ಆ ಮನೆಯ ಪಾಲಿಗೆ ನಾನು ಬಡಿಸುವವಳಲ್ಲ, ಬಡಿಸಿಕೊಳ್ಳುವವರ ಸಾಲಿನವಳು.

ನಮ್ಮದು ಹೆಣ್ಣಿನಿಂದ ಮುಂದುವರಿಯುವ ಮನೆತನ. ಅಪ್ಪ ನಾನು ಸಣ್ಣವಳಿದ್ದಾಗಲೇ ಹೋದರು. ಉಳಿದವರು ಅಬ್ಬೆ, ಅವಳ ಅಣ್ಣನಾದ ಮಾವ, ನಾನು. ಯಜಮಾನಿಕೆ ಮಾವನದು. ಆದರೆ ಅವರ ಮಕ್ಕಳು ಅವರ ಹೆಂಡತಿಯ ಮನೆಗೆ ಸೇರಿದವರು. ನಮ್ಮ ಮನೆ ಮುಂದೆ ಉಳಿಯಬೇಕಾದದ್ದು ನನ್ನ ಮಕ್ಕಳಲ್ಲಿ. ಗದ್ದೆಯ ಅಂಚಿನಲ್ಲಿ ನನ್ನ ಕೈ ಹಿಡಿದು ನಡೆಸುತ್ತ ಮಾವ ಇದನ್ನು ಮತ್ತೆ ಮತ್ತೆ ಹೇಳುತ್ತಿದ್ದರು. ಬೇರೆ ಯಾವ ಪಾಠವನ್ನೂ ಅವರು ನನಗೆ ಅಷ್ಟು ತಾಳ್ಮೆಯಿಂದ ಕಲಿಸಲಿಲ್ಲ.

ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ ಒಂದೆರಡು ವರ್ಷವಾಗಿತ್ತು. ನಾನು ಬ್ರಹ್ಮಾವರದಲ್ಲಿ ಸಣ್ಣ ಮಕ್ಕಳ ಟೀಚರಾಗಿದ್ದೆ. ಅಲ್ಲಿನ ಔಷಧಾಲಯದ ಕಂಪೌಂಡರು ಬೈಂದೂರು ಕಡೆಯ ಕ್ರೈಸ್ತರು. ಅವರನ್ನು ಮದುವೆಯಾಗುವ ಮೊದಲು ನಾನು ಇಗರ್ಜಿಯಲ್ಲಿ ನೀರು ಹಾಕಿಸಿಕೊಂಡು ಅವರ ಮತಕ್ಕೆ ಸೇರಿದೆ. ಮದುವೆಗಾಗಿ ಮತ ಬಿಟ್ಟಳು ಎಂದು ಜನ ಹೇಳಿದರು. ಅದು ಸುಳ್ಳಲ್ಲ. ಅಲ್ಲಿನ ಪ್ರಾರ್ಥನೆಯೂ ನನಗೆ ಹಿಡಿಸಿತ್ತು, ಆದರೆ ಅದನ್ನು ಯಾರೂ ಕೇಳಲಿಲ್ಲ. ಮಾವನೂ ಕೇಳಲಿಲ್ಲ. ಅವರು ಶಾಲೆಯ ಗೇಟಿನವರೆಗೆ ಬಂದು, ಒಳಗೆ ಕಾಲಿಡದೆ ಹೇಳಿದ್ದು ಒಂದೇ ಮಾತು:

"ನೀ ಒಬ್ಳ್ ಹೋದ್ದಲ್ಲ ಮಗಾ, ಮನಿಯೇ ಹೋಯ್ತ್."

ಮತ ಬಿಟ್ಟವಳು ಎಂಬ ಹೆಸರು ಮೊದಲ ದಿನಗಳಲ್ಲಿ ಕೀಟಲೆಯಾಗಿಯೇ ಕಿವಿಗೆ ಬೀಳುತ್ತಿತ್ತು. ಬಸ್ಸಿನಲ್ಲಿ ದೂರದ ಸಂಬಂಧಿಯೊಬ್ಬಳು, "ಎಂತ ಹೆಣೆ, ದೇವ್ರ್ ಬದ್ಲಾದ್ರೂ ಬಸ್ ಅದೇ ಅಲ್ದಾ?" ಎಂದಾಗ ಸುತ್ತಲಿನವರು ನಕ್ಕರು. ನಾನೂ ನಕ್ಕೆ. ಅಂಥದ್ದನ್ನು ತಾಳಿಕೊಳ್ಳಬಹುದು. ಬೈಯುವವರು ನಾವು ಬದುಕಿದ್ದೇವೆಂದು ಒಪ್ಪಿಕೊಂಡೇ ಬೈಯುತ್ತಾರೆ.

ಹಿರಿಯರಿಗೆ ಬಡಿಸುವ ಕ್ರಮ ನಮ್ಮ ಮನೆಯಲ್ಲಿ ಹೀಗಿತ್ತು. ಒಳಕೋಣೆಯಲ್ಲಿ ಕುಡಿ ಬಾಳೆಲೆಗಳನ್ನು ಸಾಲಾಗಿ ಹಾಕಿ, ಯಾರು ಯಾವುದನ್ನು ಇಷ್ಟಪಟ್ಟು ತಿನ್ನುತ್ತಿದ್ದರೋ ಅದನ್ನೇ ಅವರವರ ಎಲೆಗೆ ಬಡಿಸಬೇಕು. ಅಜ್ಜನ ಎಲೆಗೆ ಕೋಳಿಯ ಸಾರು ಮತ್ತು ಕಡುಬು, ದೊಡ್ಡಮ್ಮನ ಎಲೆಯ ಪಕ್ಕ ಹೊಗೆಸೊಪ್ಪು. ಬಡಿಸಿ ಬಾಗಿಲು ಎಳೆದು ಎಲ್ಲರೂ ಚಾವಡಿಯಲ್ಲಿ ಮಾತಿಲ್ಲದೆ ಕೂರಬೇಕು. ಸ್ವಲ್ಪ ಹೊತ್ತಾದ ಮೇಲೆ ಮಾವ ಕೆಮ್ಮಿ, ಒಳಗಿರುವವರಿಗೆ ಗೊತ್ತಾಗುವ ಹಾಗೆ ಬಾಗಿಲು ತಟ್ಟಿ ತೆರೆಯುತ್ತಿದ್ದರು. ಆಮೇಲೆ ಆ ಊಟವನ್ನು ಮನೆಯವರು ಹಂಚಿಕೊಂಡು ತಿನ್ನುವುದು.

ನನ್ನ ಮದುವೆಯಾದ ವರ್ಷ ಮಾವ ಸಾಲಿನ ಕೊನೆಗೆ ಇನ್ನೊಂದು ಎಲೆ ಹಾಕಿಸಿದರು.

ಇದು ನನಗೆ ತಿಳಿದದ್ದು ಬ್ರಹ್ಮಾವರದ ಸಂತೆಯಲ್ಲಿ. ನಮ್ಮ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದ ಒಕ್ಕಲಿನ ಹೆಂಗಸು ತರಕಾರಿ ಮಾರಲು ಬರುತ್ತಿದ್ದಳು. ಬುಟ್ಟಿಯ ತಳದಿಂದ ಬಾಳೆಲೆಯ ಕಟ್ಟೊಂದನ್ನು ತೆಗೆದು ನನ್ನ ಚೀಲಕ್ಕೆ ತುರುಕಿದಳು. ಒಳಗೆ ಎರಡು ಕಡುಬು, ಒಣ ಚಟ್ಲಿಯ ಚಟ್ನಿ. ಒಣಸಿಗಡಿಯ ಆ ಚಟ್ನಿ ಇದ್ದರೆ ನನಗೆ ಬೇರೇನೂ ಬೇಡವಾಗಿತ್ತು. ಯಾರು ಕೊಟ್ಟದ್ದೆಂದು ಕೇಳಬೇಕಾಗಿರಲಿಲ್ಲ. ಎಲ್ಲಿಂದ ತೆಗೆದದ್ದೆಂದು ಅವಳೇ ಹೇಳಿದಳು. ಹೇಳುವಾಗ ನನ್ನ ಮುಖ ನೋಡಲಿಲ್ಲ. ಅಬ್ಬೆಯ ಮಾತನ್ನೂ ಒಪ್ಪಿಸಿದಳು:

"ನೀವೇ ತಿನ್ಕಂಬ್ರ್ ಸಣ್ಣಮ್ಮ. ನೀವ್ ತಿಂದ್ರೆ ಅದ್ ಸತ್ತೋರ್ ಊಟ ಅಲ್ಲ ಅಂಬ್ರ್, ಬರೀ ಊಟ ಅಂಬ್ರ್."

ಅಬ್ಬೆ ಶಾಲೆಗೆ ಹೋದವಳಲ್ಲ, ಅಣ್ಣನಿಗೆ ಎದುರು ಮಾತಾಡಿದವಳೂ ಅಲ್ಲ. ಅಣ್ಣ ಹೇಳಿದಂತೆ ಮಗಳಿಗೆ ಎಲೆ ಹಾಕಿದ್ದಳು. ಅಣ್ಣ ಬಾಗಿಲು ತೆರೆದ ಮೇಲೆ, ಆ ಎಲೆಯ ಊಟವನ್ನು ತಾನೇ ತಿನ್ನುತ್ತೇನೆಂದು ಒಳಗೆ ಒಯ್ದು ಕಟ್ಟಿ ಕಳಿಸಿದ್ದಳು.

ಸತ್ತವರಿಗೆ ಇಟ್ಟದ್ದನ್ನು ತಿನ್ನಬಾರದೆಂದು ಇಗರ್ಜಿಯಲ್ಲಿ ಕಲಿಸಿದ್ದರು. ಆ ದಿನ ಅಡುಗೆಮನೆಯಲ್ಲಿ ನಿಂತೇ ತಿಂದೆ. ಗಂಡ ನೋಡಿದರು, ಒಂದು ಲೋಟ ನೀರು ತಂದಿಟ್ಟು ಹೊರಗೆ ಹೋದರು. ಆಮೇಲೆ ಪ್ರತಿ ವರ್ಷ ಕಟ್ಟು ಬರುತ್ತಿತ್ತು, ಪ್ರತಿ ವರ್ಷ ತಿನ್ನುತ್ತಿದ್ದೆ. ಅಬ್ಬೆಯನ್ನು ಮಾತ್ರ ನೋಡಲಾಗಲಿಲ್ಲ.

ಕಳೆದ ಬೇಸಿಗೆಯಲ್ಲಿ ಆ ಹೆಂಗಸು ಶಾಲೆಗೇ ಓಡಿ ಬಂದಳು. ಅಬ್ಬೆಗೆ ಇಂದೋ ನಾಳೆಯೋ ಎಂಬಂತಾಗಿದೆ ಎಂದಳು. ಇಬ್ಬರೂ ಸಿಕ್ಕಿದ ಬಸ್ಸು ಹತ್ತಿದೆವು. ಸಾಯುವವರ ಬಾಯಿಗೆ ಮಗಳು ಒಂದು ಚಮಚ ನೀರು ಬಿಡಬೇಕು. ನನಗೆ ಬೇಕಾಗಿದ್ದದ್ದು ಅಷ್ಟೇ.

ಮಾವ ಜಗಲಿಯಲ್ಲಿ ಕುಳಿತಿದ್ದರು. ಮುದುಕರಾಗಿದ್ದರು. ನನ್ನನ್ನು ಕಂಡು ಎದ್ದು ನಿಂತರು, ಗದರಲಿಲ್ಲ. ಒಕ್ಕಲಿನವಳಿಗೆ ಹೇಳಿ ಅಂಗಳದ ನೆರಳಿನಲ್ಲಿ ನನಗೆ ಚಾಪೆ ಹಾಸಿಸಿದರು. ಒಳಗೆ ಹೋಗಿ ಒಮ್ಮೆ ನೀರು ಬಿಡುತ್ತೇನೆ ಎಂದೆ.

"ಆತಿಲ್ಲೆ ಮಗಾ," ಎಂದರು. "ಇಷ್ಟ್ ವರ್ಷ ನಿಂಗೆ ಬಡ್ಸಿತ್. ಸತ್ತೋರ್ ಕೈ ನೀರ್ ಅವ್ಳ್ ಬಾಯಿಗ್ ಬಿಡುಕಾಗ. ಬಿಟ್ರೆ ಅವ್ಳಿಗ್ ಗತಿಯಿಲ್ಲೆ."

ತಾವೇ ಹಾಕಿಸಿದ ಎಲೆಯನ್ನು ಈಗ ಅವರಿಂದಲೂ ಎತ್ತಲಾಗುತ್ತಿರಲಿಲ್ಲ. ಅಬ್ಬೆಗೆ ಒಳ್ಳೆಯದಾಗಲೆಂದೇ ಅವರು ನನ್ನನ್ನು ತಡೆದದ್ದು.

ಹೇಳಬಹುದಾದ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ಮಾವ, ಆ ಊಟವನ್ನು ವರ್ಷ ವರ್ಷವೂ ತಿಂದವಳು ನಾನೇ. ಅದು ಸತ್ತವರಿಗೆ ಮುಟ್ಟಲೇ ಇಲ್ಲ. ಹಾಗೆ ಹೇಳಿದ್ದರೆ ಅವರು ಬಾಗಿಲು ಬಿಡುತ್ತಿದ್ದರೋ ಏನೋ. ಆದರೆ ಮೊದಲು ಒಳಗೆ ಹೋಗಿ ತಂಗಿಯನ್ನು ಕೇಳುತ್ತಿದ್ದರು. ಒಂದು ದಿನವೂ ಎದುರಾಡದಿದ್ದ ತಂಗಿ ಹಿರಿಯರ ಕೋಣೆಯಿಂದ ಎಲೆ ಸಾಗಿಸಿದಳೆಂಬುದನ್ನು ಅವಳ ಕೊನೆಯ ಗಳಿಗೆಯಲ್ಲಿ ಅವರು ಕೇಳಬೇಕಾಗುತ್ತಿತ್ತು. ಒಕ್ಕಲಿನವಳು ತೆಂಗಿನಮರಕ್ಕೆ ಒರಗಿ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಅವಳ ಗುಡಿಸಲೂ ಗದ್ದೆಯೂ ಮಾವನ ಮಾತಿನ ಮೇಲೆ ನಿಂತಿದ್ದವು.

ನಾನು ಚಾಪೆಯ ಮೇಲೆ ಕುಳಿತೆ. ಒಳಗಿನಿಂದ ಅಬ್ಬೆಯ ಉಸಿರು ಎಳೆಯುವ ಸದ್ದು ಕೇಳುತ್ತಿತ್ತು. ನಾನು ಬಂದದ್ದು ಅವಳಿಗೆ ಯಾರಾದರೂ ಹೇಳಿದರೋ ಇಲ್ಲವೋ ಗೊತ್ತಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಆ ಸದ್ದು ನಿಂತಿತು, ಮಾವನ ಹೆಂಡತಿ ಅತ್ತೆ ಅಳುವುದು ಕೇಳಿತು.

ಎಲ್ಲ ಮುಗಿದ ಮೇಲೆ ಮನೆಯವರು ಕೆರೆಗೆ ಮೀಯಲು ಹೋದರು. ಯಜಮಾನರ ಮನೆಯ ಸಾವೆಂದು ಒಕ್ಕಲಿನವರೂ ಮಿಂದರು. ಮೀಯಬೇಕೆಂದು ಹೇಳಿಸಿಕೊಳ್ಳದವಳು ನಾನೊಬ್ಬಳೇ. ಒದ್ದೆ ಸೀರೆಯವರ ನಡುವೆ ಒಣ ಸೀರೆಯಲ್ಲಿ ನಡೆದು ರಾತ್ರಿಯ ಕೊನೆಯ ಬಸ್ಸಿಗೆ ಬಂದೆ.

ಮನೆ ತಲುಪಿದಾಗ ಹಂಡೆಯಲ್ಲಿ ನೀರು ಕಾಯುತ್ತಿತ್ತು. ನಾನು ತಡಮಾಡಿದ್ದರಿಂದಲೇ ಊಹಿಸಿ, ಇಂಥ ಸಾವಿನಲ್ಲಿ ಏನು ಮಾಡಬೇಕೆಂದು ಗಂಡ ಪಕ್ಕದ ಮನೆಯವರನ್ನು ಕೇಳಿ ತಿಳಿದುಕೊಂಡಿದ್ದರು. ಗಂಡನ ಕಡೆಯವರಲ್ಲಿ ಆ ಕ್ರಮವಿಲ್ಲ. "ಮಿಂದು ಬಾ," ಎಂದು ಟವೆಲು ಕೊಟ್ಟರು. ತಲೆಗೆ ನೀರು ಹೊಯ್ದುಕೊಂಡೆ. ಕೊಕ್ಕರ್ಣೆಯ ಮನೆಯವರು ಇದನ್ನು ಮಗಳ ಸ್ನಾನವೆಂದು ಒಪ್ಪುವುದಿಲ್ಲ. ಇಗರ್ಜಿಯವರಿಗೆ ಇದು ಬೇಕಾದದ್ದೇ ಅಲ್ಲ. ಹಂಡೆ ಬರಿದಾಗುವವರೆಗೆ ಹೊಯ್ದುಕೊಂಡೆ. ಮರುದಿನ ಬೆಳಿಗ್ಗೆ ಎಂದಿನಂತೆ ಶಾಲೆಗೆ ಹೋದೆ. ಮಕ್ಕಳು ಎದ್ದು ನಿಂತು ನಮಸ್ಕಾರ ಎಂದರು.