ಕಲ್ಯಾಣಪ್ಪ ಸಾಕಿದ ಬೆಂಕಿ

ಕಮಲಾಪುರದ ಕಲ್ಯಾಣಪ್ಪ ಜೀವಮಾನದಲ್ಲಿ ಕಬಾಬಿನ ಒಂದು ಚೂರನ್ನೂ ಬಾಯಿಗೆ ಹಾಕಿದವನಲ್ಲ. ಕೊರಳಲ್ಲಿ ಲಿಂಗ, ಹಣೆಯ ಮೇಲೆ ಮೂರು ಬೆರಳಿನ ವಿಭೂತಿ. ಆದರೂ ಕಲಬುರ್ಗಿಯ ಶಹಾಬಜಾರದಲ್ಲಿ ಕಬಾಬು ಬೆಂದಿದೆಯೋ ಇಲ್ಲವೋ ಎಂಬ ತಕರಾರು ಎದ್ದರೆ ಗಿರಾಕಿಗಳು ತೀರ್ಪಿಗಾಗಿ ಅವನ ಮುಖವನ್ನೇ ನೋಡುತ್ತಿದ್ದರು. ಮಲಂಗಸಾಬನ ಅಂಗಡಿಯ ಕಟ್ಟೆಯ ಮೇಲೆ, ಹೊಗೆ ಮೂಗಿಗೆ ತಾಗದ ಕಡೆ ಕೂತು, ಕಣ್ಣು ಮುಚ್ಚಿ, ಕೆಂಡದ ಮೇಲೆ ಕೊಬ್ಬು ಬಿದ್ದ ಸಪ್ಪಳ ಕೇಳಿ, "ಇನ್ನೊಂದ್ ಮಗ್ಗಲಾ ಹೊರಳಿಸು" ಎನ್ನುತ್ತಿದ್ದ. ಮಲಂಗಸಾಬ ಗೊಣಗುತ್ತಲೇ ಹೊರಳಿಸುತ್ತಿದ್ದ. ಕಬಾಬು ಸರಿಯಾಗಿಯೇ ಬೆಂದಿರುತ್ತಿತ್ತು.

ಇದರಲ್ಲಿ ಪವಾಡವೇನಿಲ್ಲ. ಕಲ್ಯಾಣಪ್ಪನ ಹೊಲದ ಬದುವಿನಲ್ಲಿ ಜಾಲಿಮರಗಳಿದ್ದವು. ಅವನ್ನು ಕಡಿದು, ಸುಟ್ಟು, ಇದ್ದಿಲು ಮಾಡಿ, ಹದಿನೈದು ದಿನಕ್ಕೊಮ್ಮೆ ಬಂಡಿಯಲ್ಲಿ ಶಹಾಬಜಾರಕ್ಕೆ ತಂದು ಹಾಕುತ್ತಿದ್ದ. ಮೂವತ್ತು ವರ್ಷ ಒಬ್ಬನಿಗೇ ಇದ್ದಿಲು ಹಾಕಿದವನಿಗೆ ಆ ಇದ್ದಿಲಿನ ಮಾತು ತಿಳಿಯದೆ ಇರುತ್ತದೆಯೇ?

ಇಬ್ಬರೂ ಜೀವದ ಗೆಳೆಯರು, ಜಗಳಾಡುತ್ತಿದ್ದದ್ದು ಬೆಂಕಿಯ ವಿಷಯಕ್ಕೆ ಮಾತ್ರ. ಮಲಂಗಸಾಬನ ಪ್ರಕಾರ ಬೆಂಕಿಗೆ ಉರಿಯೂ ಇರಬಾರದು, ಹೊಗೆಯೂ ಇರಬಾರದು. ಕೆಂಡದ ಮೇಲೆ ತೆಳ್ಳಗೆ ಬಿಳಿ ಬೂದಿ ಕೂತಿರಬೇಕು, ಮಾಂಸ ಪೋಣಿಸಿದ ಸೀಖು ನಾಲ್ಕು ಬೆರಳು ಮೇಲಿರಬೇಕು, ಬೀಸಣಿಗೆ ಮಗ್ಗುಲಿಂದ ಬೀಸಬೇಕು. ಕಲ್ಯಾಣಪ್ಪನಿಗೆ ಇದು ಬೆಂಕಿಯೇ ಅಲ್ಲ. ಸೀತನಿ ಸುಡುವವರ ಕುಲ ಅವನದು. ಎಳೆಜೋಳದ ತೆನೆಗಳನ್ನು ಸಗಣಿ ಕುಳ್ಳಿನ ಕುಣಿಯಲ್ಲಿ ಹುಗಿದು, ಬೂದಿ ಮುಚ್ಚಿ, ಹೊಗೆ ಕುಡಿಸಿ, ಬಿಸಿ ಇದ್ದಾಗಲೇ ಅಂಗೈಯಲ್ಲಿ ತಿಕ್ಕಿ ಕಾಳು ಉದುರಿಸಿ ಕೊಡುವುದು ಅವನ ಪದ್ಧತಿ. "ಹೊಗಿ ಇಲ್ಲದ ಬೆಂಕಿ ಅಂದ್ರ ಉಪ್ಪಿಲ್ಲದ ಸಾರು" ಎನ್ನುತ್ತಿದ್ದ. "ಹೊಗಿ ಅಂದ್ರ ಬೆಂಕಿ ಕೆಮ್ಮಲಾಕತ್ತದ ಅಂತ ಅರ್ಥ. ಕೆಮ್ಮೋರ ಕೈಲೆ ಅಡಿಗಿ ಮಾಡಿಸ್ತಾರೇನೋ?" ಎಂದು ಮಲಂಗಸಾಬ ಕೇಳುತ್ತಿದ್ದ.

ಒಂದು ವರ್ಷ ಮಲಂಗಸಾಬ ಕಮಲಾಪುರದ ಹೊಲಕ್ಕೆ ಸೀಖುಗಳನ್ನೇ ತಂದು, ಜೋಳದ ತೆನೆ ಪೋಣಿಸಿ, ಇದ್ದಿಲ ಮೇಲಿಟ್ಟು ಬೀಸಿದ. ಹೊರಗೆ ಕರಕಲು, ಒಳಗೆ ಹಸಿ. ಎತ್ತುಗಳೂ ಮೂಸಿ ಬಿಟ್ಟವು. ಅದಕ್ಕೆ ಪ್ರತಿಯಾಗಿ ಕಲ್ಯಾಣಪ್ಪ ಶಹಾಬಜಾರದ ಇದ್ದಿಲೊಲೆಗೆ, ಆ ಸಿಗಡಿಗೆ, ಸದ್ದಿಲ್ಲದೆ ಒಂದು ಕುಳ್ಳು ತುರುಕಿದ. ಎರಡು ದಿನ ಆ ಓಣಿಗೆ ಗಿರಾಕಿ ಕಾಲಿಡಲಿಲ್ಲ.

ಆ ಸಿಗಡಿಯ ಬೆಂಕಿಗೊಂದು ಹೆಚ್ಚುಗಾರಿಕೆ ಇತ್ತು. ಅದನ್ನು ಹಚ್ಚಿದವನು ಮಲಂಗಸಾಬನ ಅಜ್ಜ. "ಎಪ್ಪತ್ ವರ್ಷ ಆಯ್ತು, ಒಂದ್ ದಿನ ಆರಿಲ್ಲ" ಎಂದು ಮಲಂಗಸಾಬ ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದ. ಸಂಜೆ ಬೂದಿ ಮುಚ್ಚಿ ಮಲಗಿಸಿದರೆ ಬೆಳಿಗ್ಗೆ ಒಳಗೆ ಕೆಂಪಗೆ ಕಣ್ಣು ಬಿಟ್ಟಿರುತ್ತಿತ್ತು.

ಹೈದರಾಬಾದ್ ರಾಜ್ಯಕ್ಕೆ ದಂಡು ನುಗ್ಗಿ ಪೊಲೀಸ್ ಆಕ್ಷನ್ ಆದ ವಾರ ಕಲ್ಯಾಣಪ್ಪ ಜೀವ ಕೈಯಲ್ಲಿ ಹಿಡಿದುಕೊಂಡು ಬಂಡಿ ಹೂಡಿ ಶಹಾಬಜಾರಕ್ಕೆ ಬಂದ. ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು. ಮಲಂಗಸಾಬನ ಮುಖ ಬಿಳಿಚಿತ್ತು. ಮೊನ್ನೆವರೆಗೆ ಊರನ್ನು ಹೆದರಿಸುತ್ತಿದ್ದ, ವರ್ದಿ ಹಾಕಿದ ರಜಾಕಾರರೂ ಅವನ ಅಂಗಡಿಯಲ್ಲಿ ಕಬಾಬು ತಿಂದಿದ್ದರು. ತಿನ್ನಬೇಡಿ ಎನ್ನುವ ಧೈರ್ಯ ಯಾವ ಅಂಗಡಿಯವನಿಗಿತ್ತು? ಈಗ ಅದನ್ನೇ ಯಾರಾದರೂ ಎತ್ತಿ ಆಡಿದರೆ ಗತಿಯೇನು ಎಂದು ಅವನಿಗೆ ಹೆದರಿಕೆ. ಹೆಂಡತಿ ಇಕ್ಬಾಲ್ ಬೇಗಂಳನ್ನು ಕರೆದುಕೊಂಡು ಹೈದರಾಬಾದಿನ ಭಾವನ ಮನೆಗೆ ಹೊರಟಿದ್ದ.

"ಮನಿಗಿ ಬೀಗ ಹಾಕ್ದೆ ಕಲ್ಯಾಣಪ್ಪಣ್ಣ. ಬೆಂಕಿಗಿ ಹ್ಯಾಂಗ ಹಾಕ್ಲಿ?" ಎಂದ.

"ನನಗ ಕೊಡು. ನೀ ಬರೂತನಕ ಆರಗೊಡಲ್ಲ" ಎಂದುಬಿಟ್ಟ ಕಲ್ಯಾಣಪ್ಪ.

"ಇದ್ಲಿ ಮಾತ್ರ ಹಾಕು. ಕುಳ್ಳು ಹಾಕಿದಿ ಅಂದ್ರ ಇದನ್ ಹಚ್ಚಿದ ನಮ್ಮ ದಾದಾ ಗೋರಿಯಿಂದ ಎದ್ದು ಬರ್ತಾನ."

ಹೀಗೆ ಒಂದು ಮಣ್ಣಿನ ಗಡಿಗೆಯಲ್ಲಿ, ಬೂದಿಯ ದುಪ್ಪಟಿ ಹೊದ್ದು, ಎಪ್ಪತ್ತು ವರ್ಷದ ಬೆಂಕಿ ಕಮಲಾಪುರದ ದಾರಿ ಹಿಡಿಯಿತು. ಕಪನೂರ ದಾಟುವಾಗ ಮಿಲಿಟರಿಯವರು ತಡೆದರು. ಗಡಿಗೆಯ ಬಾಯಲ್ಲಿ ಹೊಗೆಯಾಡುವುದನ್ನು ಕಂಡು ನಾಲ್ವರು ಜವಾನರು ರಸ್ತೆಯ ಮೇಲೆಯೇ ಬೋರಲು ಬಿದ್ದರು. ಎತ್ತುಗಳು ಮಾತ್ರ ನಿಂತು ಮೆಲುಕು ಹಾಕುತ್ತಿದ್ದವು. ಕೊನೆಗೆ ಒಬ್ಬ ತೆವಳಿಕೊಂಡು ಬಂದು ಬಂದೂಕಿನ ತುದಿಯಿಂದ ಬೂದಿ ಸರಿಸಿದ. ಕೆಂಡ ಕಂಡಿತು. ಅವನ ಮುಖ ಅರಳಿತು.

ಯಾವ ಸೀಮೆಯವನೋ, ಭಾಷೆ ಒಂದಕ್ಷರ ತಿಳಿಯದು. ಚೀಲದಿಂದ ಮೆಕ್ಕೆತೆನೆ ತೆಗೆದು, ಸಿಪ್ಪೆ ಪೂರ್ತಿ ಸುಲಿದು, ಬೆತ್ತಲೆ ತೆನೆಯನ್ನು ಕೆಂಡದ ಮೇಲಿಟ್ಟ. ಕಲ್ಯಾಣಪ್ಪನಿಗೆ ತಡೆಯಲಾಗಲಿಲ್ಲ. "ಏ ಹುಚ್ಚಪ್ಪಾ, ಸಿಪ್ಪಿ ಇರ್ಲಿ, ಬೂದ್ಯಾಗ ಹುಗಿ!" ಎಂದು ಕೈ ಹಿಡಿದ. ಜವಾನ ಬಂದೂಕು ಎತ್ತಿದ. ಕಲ್ಯಾಣಪ್ಪ ಎರಡೂ ಕೈ ಮೇಲೆತ್ತಿದ. ಎತ್ತಿದ ಕೈಗಳಿಂದಲೇ ಹುಗಿಯುವ ಸನ್ನೆ ಮಾಡಿದ. ಜವಾನ ತಲೆ ಅಲ್ಲಾಡಿಸಿ, ಸುಟ್ಟ ತೆನೆಗೆ ನಿಂಬೆಹಣ್ಣು ತಿಕ್ಕಿ, ಖಾರ ಬಳಿದು, ಬಂದೂಕು ಕಂಕುಳಲ್ಲಿ ಇರುಕಿಕೊಂಡೇ ಅರ್ಧ ಮುರಿದು ಇವನ ಬಾಯಿಗೇ ಹಿಡಿದ. ತಿನ್ನದೆ ವಿಧಿಯಿರಲಿಲ್ಲ. ಚೆನ್ನಾಗಿಯೇ ಇತ್ತು. ಅದನ್ನು ಕಲ್ಯಾಣಪ್ಪ ಬಹಳ ವರ್ಷ ಒಪ್ಪಲಿಲ್ಲ.

ಮನೆಯಲ್ಲಿ ಹೆಂಡತಿ ಅಂಬಮ್ಮ ಗಡಿಗೆ ನೋಡಿ ಹೊಸ್ತಿಲಲ್ಲೇ ಅಡ್ಡ ನಿಂತಳು. "ಮಾಂಸದ ಬೆಂಕಿ ಅಡಿಗಿಮನ್ಯಾಗ ಬ್ಯಾಡ್ರಿ. ಹಂಗಂತ ಆರಿಸೂದೂ ಬ್ಯಾಡ, ಮಾತು ಕೊಟ್ಟೀರಿ. ಕೊಟಗ್ಯಾಗ ಇಡ್ರಿ" ಎಂದಳು. ಓಣಿಯವರು ಕೇಳಿದರೆ ಸೊಳ್ಳೆಗೆ ಹೊಗೆ ಹಾಕಿದ್ದೇವೆ ಎನ್ನುವುದೆಂದು ಗಂಡಹೆಂಡತಿ ಮಾತಾಡಿಕೊಂಡರು.

ಹಗಲು ಇದ್ದಿಲು ಹಾಕಿ ಗೆಳೆಯನ ಪದ್ಧತಿ ನಡೆಸಿದ. ಆದರೆ ಒಂದು ರಾತ್ರಿ ಮಳೆಯ ತಂಪಿಗೆ ಕೆಂಡ ಮಂಕಾಗತೊಡಗಿತು. ಕಲ್ಯಾಣಪ್ಪ ದಾದಾನ ಗೋರಿಯ ದಿಕ್ಕಿಗೆ ಕೈ ಮುಗಿದು ಒಂದು ಕುಳ್ಳು ಇಟ್ಟ. ಬೆಂಕಿ ಸುಖವಾಗಿ ನಿದ್ದೆ ಹೋಯಿತು. ಅಂದಿನಿಂದ ಹಗಲು ಮಲಂಗಸಾಬನ ರೀತಿ, ಹೊತ್ತು ಮುಳುಗಿದ ಮೇಲೆ ಕಲ್ಯಾಣಪ್ಪನ ರೀತಿ.

ಆ ವರ್ಷ ಕಡ್ಡಿಪೆಟ್ಟಿಗೆ ಬಂಗಾರವಾಗಿತ್ತು. ಒಲೆ ಆರಿದ ಮನೆಯ ಹೆಂಗಸು ಸೌಟು ಹಿಡಿದು ನೆರೆಮನೆಗೆ ಕೆಂಡಕ್ಕೆ ಹೋಗುವುದು ಹೇಗೂ ಇದ್ದದ್ದೇ. ಬೆಂಕಿ ಬೇಡಿದವರಿಗೆ ಇಲ್ಲ ಎನ್ನಬಾರದು. ಅಂಬಮ್ಮ ಮೊದಲು ತನ್ನ ಒಲೆಯಿಂದಲೇ ಕೊಟ್ಟಳು. ಒಂದು ದಿನ ಮಾಳಿಗೆ ಸೋರಿ ಅವಳ ಒಲೆಯೂ ಆರಿತು. ಬಾಗಿಲಲ್ಲಿ ಮೂವರು ಹೆಂಗಸರು ಸೌಟು ಹಿಡಿದು ನಿಂತಿದ್ದರು. ಅಂಬಮ್ಮ ಕೊಟ್ಟಿಗೆಯ ಕಡೆ ನೋಡಿದಳು, ಆಕಾಶ ನೋಡಿದಳು, ಆಮೇಲೆ ಸೌಟು ತುಂಬಿ ಕೊಟ್ಟಳು. ತನ್ನ ಒಲೆಗೂ ಹಾಕಿಕೊಂಡಳು. ದೀಪಾವಳಿಯ ಹೊತ್ತಿಗೆ ಓಣಿಯ ಹದಿನೇಳು ಮನೆಗಳಲ್ಲಿ ರೊಟ್ಟಿ ಬೇಯುತ್ತಿದ್ದದ್ದು ಮಲಂಗಸಾಬನ ಅಜ್ಜನ ಬೆಂಕಿಯ ಮೇಲೆ. ಇದು ತಿಳಿದಾಗ ಕಲ್ಯಾಣಪ್ಪ ತಲೆಯ ಮೇಲೆ ಕೈ ಹೊತ್ತು ಕೂತ.

"ಗೌಡಸಾನಿನೂ ಒಯ್ದಾಳ್ರಿ. ಹಿತ್ತಲ ಬಾಗಿಲಿಗಿ ಬಂದಿದ್ದಳು" ಎಂದು ಅಂಬಮ್ಮ ಸೇರಿಸಿದಳು.

ಗೌಡಸಾನಿ ಅಂದರೆ ಊರಿನ ಗೌಡ ಮಾಲಿಪಾಟೀಲ ದೇವೀಂದ್ರಪ್ಪನ ಹೆಂಡತಿ ಲಲಿತಾಬಾಯಿ. ತನ್ನ ಮನೆಯ ಒಲೆ ಮುತ್ತಜ್ಜಿಯ ಕಾಲದಿಂದ ಆರಿಲ್ಲ, ಯಾರ ಮನೆಗೂ ಕೆಂಡ ಬೇಡಲು ಹೋಗಿಲ್ಲ ಎಂದು ಆ ಗೌಡ ಕಟ್ಟೆಯ ಮೇಲೆ ಕೂತು ಹೇಳಿಕೊಳ್ಳುತ್ತಿದ್ದ. ಇಂಥ ಗಂಡಸರು ಎಲ್ಲ ಊರಲ್ಲೂ ಇರುತ್ತಾರೆ. ಅವರ ಒಲೆಗಳನ್ನು ಹೆಂಗಸರು ನೋಡಿಕೊಳ್ಳುತ್ತಾರೆ.

ಚಳಿಗಾಲ ಬಂತು. ಜೋಳ ಹಾಲುಗಾಳಾಯಿತು. ಗೌಡರ ಹೊಲದಲ್ಲಿ ಓಣಿಯವರಿಗೆಲ್ಲ ಸೀತನಿ. ಸುಡುವವನು ಎಂದಿನಂತೆ ಕಲ್ಯಾಣಪ್ಪ. ಅವನ ಮನೆ ಹೊಲಕ್ಕೆ ಹತ್ತಿರ, ಕೆಂಡವೂ ಅವನದೇ. ಕುಣಿಯಲ್ಲಿ ಹುಗಿದ ತೆನೆ ಹಸಿರಾಗಿಯೇ ಬೆಂದು ಬಂತು. ಬೆಲ್ಲ, ಖಾರದ ಶೇಂಗಾಹಿಂಡಿ, ಮೊಸರು. ಎಲ್ಲರ ಗಲ್ಲ ಮಸಿ. ಗೌಡ ಮೂರನೇ ಮುಷ್ಟಿ ಮುಕ್ಕುತ್ತ, "ಏನೋ ಕಲ್ಯಾಣಪ್ಪ, ಈ ವರ್ಷ ನಿನ್ನ ಕೈಯಾಗ ಏನರ ಮಾಯಾ ಅದ ನೋಡು" ಎಂದ.

ಪ್ರತಿ ವರ್ಷ ಆ ಹೊತ್ತಿಗೆ ಕುಣಿಯ ಪಕ್ಕ ಮಲಂಗಸಾಬ ಕೂತು, ಹೊಗೆಗೆ ಕೆಮ್ಮುತ್ತ, ಬೈಯುತ್ತ, ಎಲ್ಲರಿಗಿಂತ ಹೆಚ್ಚು ತಿನ್ನುತ್ತಿದ್ದ. ಆ ಜಾಗ ಖಾಲಿ ಇತ್ತು. ಕಲ್ಯಾಣಪ್ಪನಿಗೆ ಅವನ ನೆನಪು ಉಕ್ಕಿ ಬಂತು, ಕಣ್ಣು ತುಂಬಿತು. ಬಾಯಿ ಬಿಟ್ಟರೆ ಬಣ್ಣಗೇಡು ಎನ್ನುತ್ತಾರೆ, ಅವನು ಬಾಯಿ ಬಿಟ್ಟ.

"ಕೈ ನಂದಲ್ರಿ ಗೌಡ್ರ. ಬೆಂಕಿ ಮಲಂಗಸಾಬಂದು. ಕಬಾಬಿನ ಅಂಗಡಿದು."

ಹೊಲ ತುಂಬ ತುಂಬಿದ ಬಾಯಿಗಳು. ಯಾರೂ ಜಗಿಯಲಿಲ್ಲ, ಯಾರೂ ಉಗುಳಲಿಲ್ಲ. ಬೀಡಿ ಸೇದುತ್ತಿದ್ದ ಮುದುಕ ಪೀರಪ್ಪ ಬೀಡಿಯನ್ನು ಬಾಯಿಂದ ತೆಗೆದು, ಎಲ್ಲಿಡಬೇಕು ತಿಳಿಯದೆ, ಕೈಯಲ್ಲೇ ಹಿಡಿದುಕೊಂಡ. ಬೆಂಕಿ ಮುಟ್ಟಿದ್ದೆಲ್ಲ ಶುದ್ಧ ಎಂದು ಒಬ್ಬನೆಂದ. ಅದು ಸಾಮಾನ್ಯ ಬೆಂಕಿಗಾಯಿತು, ಎಪ್ಪತ್ತು ವರ್ಷ ಕೊಬ್ಬು ಕುಡಿದ ಬೆಂಕಿಗೆ ಹೇಗೆ ಎಂದು ಇನ್ನೊಬ್ಬ. ಹಿಂಡಿ ಸುಟ್ಟದ್ದಲ್ಲ, ಅದನ್ನಾದರೂ ತಿನ್ನಬಹುದೇ ಎಂದು ಮತ್ತೊಬ್ಬ. ಶೇಂಗಾ ಹುರಿದದ್ದು ಯಾರ ಒಲೆಯಲ್ಲಿ ಎಂದು ಪೀರಪ್ಪ ಕೇಳಿದ. ಹದಿನೇಳು ಮನೆಯ ಹೆಂಗಸರು ನೆಲ ನೋಡತೊಡಗಿದರು. ಆಗ ಗುಡಿಯ ಪೂಜಾರಿ ಕೆಮ್ಮಿ, "ಗುಡಿ ನಂದಾದೀಪ..." ಎಂದು ಬಾಯಿ ತೆರೆದ.

"ದೇವರ ಮಾತು ಇಲ್ಲಿ ಬ್ಯಾಡ!" ಎಂದು ಗೌಡ ಗದರಿಸಿ, ಬಾಯಲ್ಲಿದ್ದದ್ದನ್ನು ಗಡಬಡಿಸಿ ನುಂಗಿ ಫೈಸಲಾ ಕೊಟ್ಟ. ಎಲ್ಲ ಒಲೆಗಳನ್ನೂ ಆರಿಸಬೇಕು. ಕಲ್ಯಾಣಪ್ಪನ ಕೊಟ್ಟಿಗೆಯದನ್ನು ಮೊದಲು. ಆಮೇಲೆ ಎಲ್ಲರೂ ಬಂದು ತನ್ನ ಮನೆಯ ಶುದ್ಧ ಬೆಂಕಿ ಒಯ್ಯಬೇಕು.

ಕಲ್ಯಾಣಪ್ಪ ಲಲಿತಾಬಾಯಿಯ ಕಡೆ ನೋಡಿದ. ಸೆರಗು ಎಳೆದುಕೊಂಡು ನಿಂತಿದ್ದಳು. ಒಂದು ಮಾತು ಅಂದಿದ್ದರೆ ಗೌಡನ ಫೈಸಲಾ ಅಲ್ಲೇ ಮುರಿದು ಬೀಳುತ್ತಿತ್ತು, ಗೆಳೆಯನ ಬೆಂಕಿಯೂ ಉಳಿಯುತ್ತಿತ್ತೇನೋ. ಆದರೆ ಆಕೆಯ ಮಾನ ಓಣಿಯ ಮುಂದೆ ಹೋಗುತ್ತಿತ್ತು. ಬೆಂಕಿ ಬೇಡಲು ಬಂದವಳ ಮಾನ ತೆಗೆಯುವುದು ಅವನ ಕೈಯಲ್ಲಾಗದು. ಅವನು ಕೊಟ್ಟಿಗೆಯ ದಾರಿ ಹಿಡಿದ.

ಕೊಟ್ಟಿಗೆಯಲ್ಲಿ ಎಲ್ಲರೂ ನೋಡುತ್ತಿರುವಾಗ ಕೊಡ ಎತ್ತಿ ತಾನೇ ನೀರು ಸುರಿದ. ಬೆಂಕಿ ಬುಸ್ಸೆಂದಿತು. ಕಲ್ಯಾಣಪ್ಪ ಮಗುವಿನಂತೆ ಅತ್ತ. ಎಪ್ಪತ್ತು ವರ್ಷ ಉಳಿದದ್ದು ತನ್ನ ಕೈಯಲ್ಲಿ ನಾಲ್ಕು ತಿಂಗಳೂ ಉಳಿಯಲಿಲ್ಲವಲ್ಲ, ಮಲಂಗಸಾಬನಿಗೆ ಯಾವ ಮುಖ ತೋರಿಸಲಿ ಎಂದು ಅತ್ತ.

ಸಂಜೆ ಹೆಂಗಸರು ಸೌಟು ಹಿಡಿದು ಗೌಡರ ಹಿತ್ತಲಲ್ಲಿ ಸಾಲು ನಿಂತರು. ಲಲಿತಾಬಾಯಿ ಒಬ್ಬೊಬ್ಬರಿಗೂ ಕೆಂಡ ಹಾಕಿ ಕಳಿಸಿದಳು. ಕೊನೆಗೆ ನಿಂತವಳು ಅಂಬಮ್ಮ. ಲಲಿತಾಬಾಯಿ ಅತ್ತಿತ್ತ ನೋಡಿ, ಸೌಟಲ್ಲ, ಒಂದು ಗಡಿಗೆಯನ್ನೇ ತಂದು ಕೈಯಲ್ಲಿಟ್ಟಳು.

"ನಿಮ್ದು ನಿಮಗ್ ತೊಗೊಳ್ರಿ ಯಕ್ಕಾ. ಮಳ್ಯಾಗ ಒಯ್ದಿದ್ದು ಇನ್ನಾ ಆರಿಲ್ಲ" ಎಂದಳು ಮೆಲ್ಲಗೆ.

ಕಲ್ಯಾಣಪ್ಪ ಆ ಗಡಿಗೆ ನೋಡಿದ. ಗೌಡಸಾನಿ ಒಯ್ದದ್ದು ಎಂದೋ ಆರಿರಬೇಕೆಂದೇ ತಿಳಿದಿದ್ದ, ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಕೊಟ್ಟಿಗೆಯಲ್ಲಿ ದನಗಳ ನಡುವೆ ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕ. ಹದಿನೇಳು ಮನೆಯಲ್ಲಿ ಅದೇ ಬೆಂಕಿ ಮತ್ತೆ ಹೊತ್ತಿತ್ತು, ಈ ಸಲ ಗೌಡನ ಠಸ್ಸೆ ಒತ್ತಿಸಿಕೊಂಡು.

ಯುಗಾದಿ ಕಳೆದು ಮಲಂಗಸಾಬ ಊರಿಗೆ ಬಂದ ಸುದ್ದಿ ಬಂತು. ಕಲ್ಯಾಣಪ್ಪ ಅದೇ ಬಂಡಿ ಹೂಡಿದ. ಶಹಾಬಜಾರದಲ್ಲಿ ಗೆಳೆಯರು ಅಪ್ಪಿಕೊಂಡರು. ಮಲಂಗಸಾಬ ಸೊರಗಿದ್ದ. ಬಾಗಿ ಗಡಿಗೆ ಮೂಸಿದ, ಮುಖ ಸಿಂಡರಿಸಿದ. "ಕುಳ್ಳು ಹಾಕಿದ್ಯಲ್ಲೋ ಕಾಫರ!" ಎಂದು ಬೈದು, ಕಣ್ಣೊರೆಸಿಕೊಳ್ಳುತ್ತ ಸಿಗಡಿಯ ಬೂದಿ ಬಳಿಯಲು ಕೂತ.

ಕಲ್ಯಾಣಪ್ಪನ ಮನಸ್ಸಿನಲ್ಲಿ ಮುಳ್ಳು ಹಾಗೆಯೇ ಇತ್ತು. ತನ್ನ ಕೈಯಾರೆ ನೀರು ಸುರಿದದ್ದು ಸುಳ್ಳಲ್ಲವಲ್ಲ. ಗೆಳೆಯನಿಗೆ ಹೇಳಲು ನಾಲಗೆ ಏಳಲಿಲ್ಲ. ಚಹಾ ತಂದ ಇಕ್ಬಾಲ್ ಬೇಗಂಳ ಮುಂದೆ ತಲೆ ತಗ್ಗಿಸಿ, "ಭಾಭಿ, ಖರೇ ಹೇಳ್ತೀನಿ. ನನ್ ಹತ್ರ ಒಂದ್ ಸಲ ಆರಿತ್ತು. ಇನ್ನೊಬ್ರ ಒಲಿಯಿಂದ ತಂದೀನಿ" ಎಂದ.

ಆಕೆ ಗಂಡನ ಬೆನ್ನ ಕಡೆ ಒಮ್ಮೆ ನೋಡಿದಳು. ಅವನು ಅಜ್ಜನ ಹೆಸರು ಹೇಳುತ್ತ ಕೆಂಡ ಊದುತ್ತಿದ್ದ.

"ಒಂದೇ ಸಲಾನಾ ಭಾಯಿಸಾಬ್?" ಎಂದಳು ಆಕೆ, ದನಿ ತಗ್ಗಿಸಿ. "ನಾ ಈ ಮನಿಗಿ ಬಂದು ಮೂವತ್ ವರ್ಷ ಆಯ್ತು. ಎಷ್ಟ್ ಸಲ ಮುಂಜಾನಿ ಇವ್ರು ಏಳೂದರಾಗ ಬಾಜೂ ಚುರುಮರಿ ಭಟ್ಟಿಯಿಂದ ಕೆಂಡ ತಂದು ಹಾಕೀನಿ, ಲೆಕ್ಕ ಇಟ್ಟಿಲ್ಲ."

ಮಂಡಕ್ಕಿ ಹುರಿಯುವ ಆ ಚುರುಮರಿ ಭಟ್ಟಿ ಕಲ್ಯಾಣಪ್ಪನ ಸೋದರಮಾವನದು. ಅಲ್ಲಿ ಬೆಂಕಿಗೆ ಹಾಕುತ್ತಿದ್ದದ್ದು ಕುಳ್ಳು. ಅವನು ಚಹಾದ ಬಟ್ಟಲು ಕೆಳಗಿಟ್ಟು, ತನ್ನ ಹಳೆಯ ಜಾಗಕ್ಕೆ ಹೋಗಿ, ಗಾಳಿಗೆ ಬೆನ್ನು ಕೊಟ್ಟು ಕೂತ. ಕಣ್ಣು ಮುಚ್ಚಿದ. ಮೊದಲ ಸೀಖಿನ ಕೊಬ್ಬು ಕೆಂಡದ ಮೇಲೆ ಬಿತ್ತು.

"ಎಪ್ಪತ್ ವರ್ಷ ಆಯ್ತು ಕಲ್ಯಾಣಪ್ಪಣ್ಣ, ಒಂದ್ ದಿನ ಆರಿಲ್ಲ" ಎಂದ ಮಲಂಗಸಾಬ.

"ಹೌದ್ ಮಾರಾಯ. ಇನ್ನೊಂದ್ ಮಗ್ಗಲಾ ಹೊರಳಿಸು" ಎಂದ ಕಲ್ಯಾಣಪ್ಪ.