ಮೂರು ಸಲ ಹೋದವನು

ನಾನು ನೋಡಿದ ಮೊದಲ ಸಂಗೀತ ನಾಟಕದ ಕಥೆ ನನಗೆ ಇವತ್ತಿಗೂ ಗೊತ್ತಿಲ್ಲ. ಯಾರಾದರೂ ಕೇಳಿದರೆ ರಾಜಕುಮಾರಿ, ವ್ಯಾಪಾರಿಯ ಮಗ, ಕಾರಂಜಿ, ಹಡಗು ಎಂದು ನಾಲ್ಕು ಮಾತು ಹೇಳಿ ಸುಮ್ಮನಾಗುತ್ತೇನೆ. ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹದ ಗದ್ದಲ ಅಡಗಿ ಎರಡು ಮೂರು ಮಳೆಗಾಲ ಕಳೆದಿದ್ದವು. ನನಗೆ ಒಂಬತ್ತೋ ಹತ್ತೋ ವರ್ಷ. ತಲೆಬುಡ ತಿಳಿಯದೆ ನೋಡಿದ ನಾಟಕಗಳು ಆಮೇಲೂ ಎಷ್ಟೋ ಇವೆ, ಎಲ್ಲ ಮರೆತಿದ್ದೇನೆ. ಇದೊಂದು ಮರೆಯದಿರುವುದಕ್ಕೆ ಕಾರಣ ನನ್ನ ಅತ್ತೆ, ಅಪ್ಪನ ತಂಗಿ.

ಅತ್ತೆಯ ಗಂಡ ಕಡಲಾಚೆ ಇರಾಕಿನ ಬಸರಾಕ್ಕೆ ಗುಮಾಸ್ತಿಕೆಗೆಂದು ಹೋದವರು. ಕಾರವಾರದ ಬಂದರಿನಿಂದ ಹೊಗೆಯುಗುಳುವ ಆಗಬೋಟಿನಲ್ಲಿ ಮುಂಬಯಿಗೆ, ಅಲ್ಲಿಂದ ಮುಂದಕ್ಕೆ. ಎರಡು ಕಾಗದ ಬಂದವು. ಮೂರನೆಯದು ಬರಲಿಲ್ಲ. ಆಗ ಅತ್ತೆಗೆ ಹದಿನಾರು. ಅವರ್ಸೆಯ ಗಂಡನ ಮನೆಯಲ್ಲಿ ಎರಡು ವರ್ಷ ಕಾದು, ಆಮೇಲೆ ನಮ್ಮ ಮನೆಗೆ ಬಂದು ಉಳಿದುಬಿಟ್ಟಳು. ಹಣೆಯಲ್ಲಿ ಕುಂಕುಮ ಇತ್ತು, ಕೊರಳಲ್ಲಿ ಕರಿಮಣಿ ಇತ್ತು. ಆದರೂ ಅರಿಶಿನ-ಕುಂಕುಮಕ್ಕೆ ಕರೆದ ಮನೆಗಳಲ್ಲಿ, ಬಟ್ಟಲು ಹಿಡಿದವರ ಕೈ ಅವಳ ಮುಂದೆ ಬಂದಾಗ ಒಂದು ಗಳಿಗೆ ನಿಂತುಬಿಡುತ್ತಿತ್ತು. ಹಚ್ಚಬೇಕೋ ಬೇಡವೋ ಎಂದು ಪಾಪ, ಅವರಿಗೂ ತಿಳಿಯುತ್ತಿರಲಿಲ್ಲ. ಅತ್ತೆ ಅಂಥ ಮನೆಗಳಿಗೆ ಹೋಗುವುದನ್ನೇ ಬಿಟ್ಟಳು.

ನಾನು ನಾಟಕ ನೋಡಿದ ಆ ವರ್ಷ, ಮಾವನ ಸುದ್ದಿ ನಿಂತು ಹನ್ನೆರಡು ತುಂಬುತ್ತಿತ್ತು. ಹನ್ನೆರಡು ವರ್ಷ ಸುದ್ದಿಯಿಲ್ಲದವನು ಸತ್ತನೆಂದೇ ತಿಳಿದು, ದರ್ಭೆಯ ಬೊಂಬೆ ಮಾಡಿ ಸುಟ್ಟು, ಕ್ರಿಯೆ ಮುಗಿಸಬೇಕೆಂದು ಶಾಸ್ತ್ರ. ಅತ್ತೆಯ ಮೈದುನ ಬಂದು ಮಾಡುವುದೆಂದು ಮಾತಾಗಿತ್ತು. ಅಜ್ಜ ಪಂಚಾಂಗ ತೆಗೆಸಿ ಸಂಕ್ರಾಂತಿಯ ಆಚೆಗೆ ಒಂದು ದಿನ ಗೊತ್ತುಮಾಡಿಸಿದ್ದ. ಆ ದಿನದ ನಂತರ ಅತ್ತೆಗೆ ಕುಂಕುಮವಿಲ್ಲ, ಬಳೆಯಿಲ್ಲ, ಬಹುಶಃ ಕೂದಲೂ ಇಲ್ಲ. ಮನೆಯಲ್ಲಿ ಯಾರೂ ಇದನ್ನು ಅವಳೆದುರು ಆಡುತ್ತಿರಲಿಲ್ಲ. ಅವಳಿಗೆ ಗೊತ್ತಿದೆ ಎಂಬುದು ಎಲ್ಲರಿಗೂ ಗೊತ್ತಿತ್ತು.

ಅದೇ ಹೊತ್ತಿಗೆ ಸರಿಯಾಗಿ ಕಾರವಾರಕ್ಕೆ ದೊಡ್ಡ ಮರಾಠಿ ನಾಟಕ ಕಂಪನಿಯೊಂದು ಬಂದು ಇಳಿಯಿತು. ಭಾನುವಾರ ಮಧ್ಯಾಹ್ನ ಹೆಂಗಸರಿಗೆಂದೇ ಒಂದು ಆಟ ಎಂಬ ಸುದ್ದಿ ಅಂಕೋಲೆಯ ಪೇಟೆಯವರೆಗೂ ಹಬ್ಬಿತು. ನನ್ನ ಅಮ್ಮ, ನಾವು ಕರೆಯುವಂತೆ ಆಯಿ, ಹೊರಟಳು, ಅವಳ ಜೊತೆಗೆ ನಾನು. ಅತ್ತೆಯನ್ನು ಕರೆಯಲು ಆಯಿಗೆ ಧೈರ್ಯ ಬರಲಿಲ್ಲ. ಅತ್ತೆಯೇ ನನ್ನ ತಲೆ ಬಾಚಿ, ಅಬ್ಬಲಿಗೆ ದಂಡೆ ಮುಡಿಸಿ, ಗದ್ದ ಹಿಡಿದು ಹೇಳಿದಳು:

“ಪೂರಾ ನೋಡ್ಕಂಡ್ ಬಾ ತಂಗೀ. ಸುರುವಿಂದ ಕೊನಿವರೆಗೆ ನಂಗೆ ಹೇಳ್ಬೇಕು. ಅತ್ತಿಗೆಗೆ ಕೇಳಿದ್ರೆ ಬರೇ ಸೀರೆ ಸುದ್ದಿ ಹೇಳ್ತದೆ.”

ಅತ್ತೆ ನನ್ನಿಂದ ಏನನ್ನಾದರೂ ಬೇಡಿದ್ದು ಅದೇ ಮೊದಲು. ಸರ್ವಿಸ್ ಮೋಟಾರು ಬಿಣಗಾ ಘಟ್ಟ ಏರುವಾಗಲೂ, ನೋಡುವುದನ್ನೆಲ್ಲ ನೆನಪಿಡಬೇಕೆಂದು ನನ್ನಷ್ಟಕ್ಕೆ ಹೇಳಿಕೊಳ್ಳುತ್ತ ಕೂತಿದ್ದೆ.

ಸಮುದ್ರ ದಂಡೆಯ ಸರುವಿನ ಮರಗಳ ಈಚೆಗೆ ತಗಡು ಹೊದಿಸಿದ ಮಂಡಪ. ಹಾಡು ಹಗಲಲ್ಲೇ ಕಿಟಕಿಗಳಿಗೆ ಕರಿ ಬಟ್ಟೆ ಬಡಿದು ಒಳಗೆ ಕತ್ತಲೆ ಮಾಡಿದ್ದರು. ಹಗಲಿಗೆ ಕತ್ತಲೆ ಮಾಡಿ ಮತ್ತೆ ಗ್ಯಾಸಬತ್ತಿ ಯಾಕೆ ಹಚ್ಚುತ್ತಾರೆಂಬುದೇ ನನಗೆ ಮೊದಲ ಗೊಂದಲ. ಪರದೆ ಎದ್ದಿತು. ಮಖಮಲ್ಲಿನ ಅರಮನೆ, ಹೂವು ಸುತ್ತಿದ ಉಯ್ಯಾಲೆ, ನಟ್ಟನಡುವೆ ನಿಜವಾದ ನೀರು ಚಿಮ್ಮುವ ಕಾರಂಜಿ. ಯಾರೋ ಮುಂದಿನ ಸಾಲುಗಳ ಮೇಲೆ ಗುಲಾಬಿ ನೀರು ಎರಚಿದರು. ಕಾಲಲ್ಲಿ ತುಳಿದು ಬಾರಿಸುವ ದೊಡ್ಡ ಪೆಟ್ಟಿಗೆ ಗುಂಯ್ ಎಂದಿತು. ಕಾರಂಜಿಯ ನೀರು ಬಿದ್ದು ಎಲ್ಲಿಗೆ ಹೋಗುತ್ತದೆಂದು ನೋಡುತ್ತ ನಾನು ಮೊದಲ ಎರಡು ಹಾಡು ಕಳೆದುಕೊಂಡೆ.

ನಮ್ಮ ಮನೆಯ ಮಾತು ಕನ್ನಡ, ನೆರೆಯವರದು ಕೊಂಕಣಿ. ಮರಾಠಿ ಎಂದರೆ ಅಪ್ಪ ಓದುವ ವರ್ತಮಾನಪತ್ರಿಕೆ. ಕಿವಿಗೆ ಬಿದ್ದದ್ದರಲ್ಲಿ ಕಾಲುಭಾಗ ಅರ್ಥವಾದ ಹಾಗಿರುತ್ತಿತ್ತು, ಮುಂದಿನ ಮಾತಿಗೆ ಅದೂ ಅಲ್ಲವೆಂದು ಆಗುತ್ತಿತ್ತು. ಪಕ್ಕದಲ್ಲಿ ಎಲೆಯಡಿಕೆಯ ಕವಳ ಹಾಕಿಕೊಂಡ ಕಾರವಾರದ ದಪ್ಪ ಹೆಂಗಸೊಬ್ಬಳು ಕೂತಿದ್ದಳು. ಅವಳು ನಕ್ಕಾಗ ನಕ್ಕು, ಮೂಗು ಸೇದಿದಾಗ ಸೇದಿ ನಾನು ಹೇಗೋ ಸಾಗಿದೆ. ರಾಜಕುಮಾರಿ ನತ್ತು ಇಟ್ಟು, ಜರಿಯ ಸೀರೆಯುಟ್ಟು, ಮೆಲ್ಲಗೆ ತಿರುಗಿ ನೋಡಿದಾಗ ನನ್ನ ಮೈ ಜುಮ್ಮೆಂದಿತು. “ಅದು ಗಂಡ್ಸು” ಎಂದು ಆಯಿ ಕಿವಿಯಲ್ಲಿ ಹೇಳಿದಳು. ನಾನು ನಂಬಲಿಲ್ಲ. ನಂಬಿದ ಮೇಲೆ ವ್ಯಾಪಾರಿಯ ಮಗನೂ ಹೆಂಗಸೇ ಇರಬೇಕೆಂದು ಬಹಳ ಹೊತ್ತು ಅವನ ಮೀಸೆಯನ್ನೇ ಪರೀಕ್ಷೆ ಮಾಡಿದೆ.

ಆಮೇಲೆ ಅವನು ಊರು ಬಿಟ್ಟು ಹೋಗುವ ಪ್ರಸಂಗ ಬಂತು. ನೀಲಿ ಬಟ್ಟೆಯ ತೆರೆಗಳು ಅಲ್ಲಾಡಿದವು. ಚಕ್ರದ ಮೇಲೆ ಹಡಗು ಬಂದು ನಿಂತಿತು. ಅವನು ಅವಳ ಕೈ ಬಿಟ್ಟು, ಉದ್ದ ಹಾಡು ಹೇಳಿ, ಹಡಗು ಹತ್ತಿದ. ಹಡಗು ಬದಿಯ ಪರದೆಯ ಹಿಂದೆ ಸರಿಯಿತು. ಅವಳು ಮಂಡಿಯೂರಿ ಬಿಕ್ಕಿದಳು. ನನಗೂ ಅಳು ಉಕ್ಕಿ ಬಂತು. ಅಷ್ಟರಲ್ಲಿ ಮಂಡಪಕ್ಕೆ ಮಂಡಪವೇ ಕೂಗತೊಡಗಿತು. “ವನ್ಸ್ ಮೋರ್! ವನ್ಸ್ ಮೋರ್!” ಮನೆಯ ಹೆಂಗಸರನ್ನು ಕರೆತಂದು ಹಿಂದೆ ಕಟಕಟೆಯಾಚೆ ನಿಂತ ಗಂಡಸರೂ ಕೂಗಿದರು, ಕವಳದ ಹೆಂಗಸೂ ಎದ್ದು ನಿಂತು ಕೂಗಿದಳು.

ಹೋದ ಹಡಗು ಹಿಂದುಮುಂದಾಗಿ ವಾಪಸು ಬಂತು!

ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಚಪ್ಪಾಳೆ ತಟ್ಟಿದೆ. ಆದರೆ ಇಳಿದವನು ಅವಳ ಹತ್ತಿರ ಹೋಗದೆ ನೇರ ಮುಂದೆ ಬಂದು, ನಮಗೆ ಕೈಮುಗಿದು, ಗಂಟಲು ಸರಿಮಾಡಿ, ಅದೇ ಹಾಡನ್ನು ಮತ್ತೆ ಹೇಳಿದ. ಮತ್ತೆ ಹಡಗು ಹತ್ತಿದ. ಅವಳು ಮತ್ತೆ ಮಂಡಿಯೂರಿದಳು. ಮತ್ತೆ ಕೂಗು, ಮತ್ತೆ ಹಡಗು. ಮೂರು ಸಲ ಹೀಗಾಯಿತು. ಪ್ರತಿ ಸಲ ಹಾಡಿಗೆ ಹೊಸ ಹೊಸ ಆಲಾಪ ಸೇರಿ ಉದ್ದವಾಗುತ್ತ ಹೋಯಿತು. ಈ ಮನುಷ್ಯ ಹೋಗುವವನೋ ಬರುವವನೋ ನನಗೆ ತಿಳಿಯಲಿಲ್ಲ. ಆಯಿ ಕರಿಬಟ್ಟೆಯ ಸಂದಿಯಿಂದ ಬಿಸಿಲು ನೋಡಿ ಚಡಪಡಿಸತೊಡಗಿದಳು. ಅಂಕೋಲೆಗೆ ಕೊನೆಯ ಮೋಟಾರು ಆರು ಗಂಟೆಗೆ. ಇನ್ನೊಂದು ಅಂಕ ಬಾಕಿಯಿರುವಾಗಲೇ ಆಯಿ ನನ್ನ ರೆಟ್ಟೆ ಹಿಡಿದು ಎಬ್ಬಿಸಿದಳು. ನಾನು ಅಳುತ್ತ ಕಾಲು ಬಡಿದೆ. ಆ ಮೂರು ಸಲದ ಹಾಡಿನಲ್ಲಿ ಎರಡು ಸಲ ಉಳಿಸಿದ್ದರೆ ಕೊನೆ ನೋಡಬಹುದಿತ್ತೆಂದು ಈಗಲೂ ಸಿಟ್ಟು ಬರುತ್ತದೆ.

ಮರುದಿನ ಬೆಳಿಗ್ಗೆ ಅತ್ತೆ ಕಾಯಿ ತುರಿಯುತ್ತ ಕೂತಿದ್ದಳು. ನಾನು ಕಾರಂಜಿಯಿಂದ ಸುರುಮಾಡಿ, ಮೀಸೆ, ನತ್ತು ಎಲ್ಲ ಮುಗಿಸಿ ಹಡಗಿಗೆ ಬಂದೆ.

“ಹಡಗ ಹತ್ತಿ ಹೋದಾ. ಎಲ್ಲರೂ ಕೂಗಿದ್ರು. ವಾಪಸ್ ಬಂದಾ.”

ಅತ್ತೆಯ ಕೈ ನಿಂತಿತು. “ಯಾರ್ ಕೂಗಿದ್ರು? ಆ ರಾಜಕುಮಾರಿನೇ ಕೂಗ್ತೇ?”

“ಅದು ಬರೇ ಅಳ್ತಿತ್ತು. ಕುರ್ಚಿ ಮೇಲೆ ಕೂತವ್ರು ಕೂಗಿದ್ರು. ಮತ್ತೊಂದ್ ಸಲ ಅಂತ, ಇಂಗ್ಲೀಷಲ್ಲಿ.”

“ಬಂದಂವ ಅದ್ರ ಹತ್ರ ಹೋದ್ನಾ?”

“ಇಲ್ಲ. ನಮ್ಮ ಬದಿಗೆ ಕೈಮುಗಿದ್ ಅದೇ ಹಾಡ್ ಹೇಳ್ದಾ. ಮತ್ತೆ ಹೋದಾ. ಮೂರ್ ಸಲ ಹೋದಾ.”

“ಅದು ಮೂರೂ ಸಲ ಅತ್ತಿತೇ?”

ನಾನು ನೆನಪು ಮಾಡಿಕೊಂಡೆ. ಪೂರಾ ಹೇಳುತ್ತೇನೆಂದು ಮಾತು ಕೊಟ್ಟಿದ್ದೆನಲ್ಲ. “ಮೂರನೇ ಸಲ ಅಳೂಕೆ ಕಣ್ಣಲ್ಲಿ ನೀರೇ ಇರ್ಲಿಲ್ಲ. ಸೆರಗಲ್ಲಿ ಗಾಳಿ ಹಾಕ್ಕಂತಿತ್ತು.”

ಅತ್ತೆ ತುರಿದ ಕಾಯಿಯನ್ನು ಬೆರಳಿಂದ ಒಟ್ಟುಮಾಡಿದಳು. “ಕೊನಿಗೆ ಏನಾಯ್ತು?”

“ಗೊತ್ತಿಲ್ಲ ಅತ್ತೇ. ಮೋಟಾರು ತಪ್ತದೆ ಅಂತ ಆಯಿ ಎಳಕಂಡ್ ಬಂತು.”

ಅವಳು ಬೈಯಲಿಲ್ಲ. “ಪಾಪ, ಒಬ್ಬಂವಂಗೆ ಎಷ್ಟ್ ಸಲ ಕಳಸೂದು” ಎಂದು ಮತ್ತೆ ತುರಿಯತೊಡಗಿದಳು. ಕೊನೆ ಹೇಳಲಾಗಲಿಲ್ಲವೆಂದು ನನಗೆ ನಾಚಿಕೆಯಾಯಿತು.

ಗೊತ್ತುಮಾಡಿದ ದಿನ ಬಂತು. ಜಗಲಿಯಲ್ಲಿ ಭಟ್ಟರು ದರ್ಭೆಯ ಕಟ್ಟು ಬಿಚ್ಚಿ ಕೂತಿದ್ದರು. ಮೈದುನ ಮಿಂದು ಒದ್ದೆ ಪಂಚೆಯಲ್ಲಿ ನಿಂತಿದ್ದ. ಅಜ್ಜ ಒಳಗೆ ನೋಡಿ ಕರೆದ. ಅತ್ತೆ ಎಂದಿನ ಸೀರೆಯಲ್ಲಿ, ಎಂದಿನಷ್ಟೇ ಕುಂಕುಮ ಇಟ್ಟು ಹೊರಗೆ ಬಂದಳು.

“ಅಪ್ಪಾ, ನಾ ಅವರನ್ನ ಒಂದ್ ಸಲ ಕಳಸಿದ್ದೆ. ಬಂದರಿಗೆ ಬಂದು, ಅವರು ಕೂತ ಸಣ್ಣ ಹೋಡಿ ದೊಡ್ಡ ಆಗಬೋಟಿಗೆ ತಾಗೂವರೆಗೂ ನಿಂತು ಕಳಸಿದ್ದೆ. ಅವ್ರು ಹೋದದ್ದು ಒಂದೇ ಸಲ. ಮತ್ತೊಂದ್ ಸಲ ಕಳಸೂಕೆ ನನ್ನಿಂದ ಆಗೂದಿಲ್ಲ.”

ಅಜ್ಜ ಕೂಗಾಡಿದ. ಊರವರಿಗೆ ಏನು ಹೇಳಲಿ ಎಂದ. ಮೈದುನ “ಅತ್ತಿಗೇ, ಅಣ್ಣನಿಗೆ ಗತಿ ಬೇಡ್ವೇ” ಎಂದು ಅತ್ತ. ಅತ್ತೆ ಕಂಬ ಹಿಡಿದು ನಿಂತೇ ಇದ್ದಳು. ಕೊನೆಗೆ ಎಲ್ಲರೂ ಭಟ್ಟರ ಮುಖ ನೋಡಿದರು. ಅವರು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, ಮಾಡದಿದ್ದರೆ ದೋಷ ಹೌದು, ಮಾಡಿದ ಮೇಲೆ ಮನುಷ್ಯ ಬಂದುಬಿಟ್ಟರೆ ಅದಕ್ಕಿಂತ ದೊಡ್ಡ ದೋಷ ಎಂದರು. ಅಜ್ಜ ಎದ್ದು ತೋಟದ ಕಡೆ ಹೋದ. ಭಟ್ಟರು ದರ್ಭೆ ಕಟ್ಟಿಕೊಂಡರು. ಅಡುಗೆ ಮನೆಯಲ್ಲಿ ಆಯಿ ನನ್ನ ಕಿವಿ ಹಿಂಡಿ, “ಏನ್ ಹೇಳ್ದೆ ನೀನು ಅತ್ತೆಗೆ?” ಎಂದಳು. ನಾಟಕ ಹೇಳಿದೆ ಎಂದರೆ ಬೆನ್ನಿಗೊಂದು ಬಿತ್ತು.

ಮಾವ ಬರಲಿಲ್ಲ. ಬಸರಾದಿಂದ ಒಂದು ಗೆರೆ ಕಾಗದವೂ ಬರಲಿಲ್ಲ. ಅತ್ತೆ ಎಪ್ಪತ್ತು ದಾಟುವವರೆಗೆ ಬದುಕಿದಳು, ಕೊನೆಯ ದಿನವೂ ತಾನೇ ಕುಂಕುಮ ಇಟ್ಟುಕೊಂಡಳು. ಅದಕ್ಕಾಗಿ ಅವಳು ತಿಂದ ಮಾತುಗಳನ್ನು ನಾನು ಕೇಳಿದ್ದೇನೆ. ನಾನು ಅವಳಿಗೆ ಮಾಡಿದ್ದು ಉಪಕಾರವೋ ಕೇಡೋ, ಅಥವಾ ನನ್ನ ಹರಕು ಕಥೆಗೂ ಅವಳ ಮಾತಿಗೂ ಸಂಬಂಧವೇ ಇಲ್ಲವೋ, ಈ ವಯಸ್ಸಿನಲ್ಲೂ ನನಗೆ ಇತ್ಯರ್ಥವಾಗಿಲ್ಲ. ಅವಳು ಗಂಡ ಬರುತ್ತಾನೆಂದು ನಂಬಿದ್ದಳೇ ಎಂದು ಕೇಳಿದವರಿಗೆ, ಇಲ್ಲ, ಅವಳಿಗೆ ಎಲ್ಲ ಗೊತ್ತಿತ್ತು ಎನ್ನುತ್ತೇನೆ. ಹಾಗೆನ್ನುವಾಗಲೆಲ್ಲ ಆ ಕ್ರಿಯೆ ನಿಂತುಹೋದ ದಿನದ ಸಂಜೆ ನೆನಪಿಗೆ ಬಂದು ನಾಲಗೆ ತಡವರಿಸುತ್ತದೆ.

ಭಟ್ಟರು ಹೋಗಿಯಾಗಿತ್ತು. ಬಾವಿಕಟ್ಟೆಯ ಹತ್ತಿರ ನಾವಿಬ್ಬರೇ. ಅತ್ತೆ ತುಂಬಿದ ಕೊಡವನ್ನು ಕಟ್ಟೆಯ ಮೇಲಿಟ್ಟು, ಮನೆಯ ಕಡೆ ಒಮ್ಮೆ ನೋಡಿ, ಮೆಲ್ಲಗೆ ಕೇಳಿದಳು:

“ನಾಟಕದಲ್ಲಿ ಅವ್ರು ಹೆಂಗೆ ಕೂಗಿದ್ರೇ ತಂಗೀ? ಒಂದ್ ಸಲ ಕೂಗ್ ನೋಡ್ವಾ.”

“ವನ್ಸ್ ಮೋರ್!” ಎಂದು ನಾನು ಗಂಟಲು ಹರಿಯುವಂತೆ ಕೂಗಿದೆ. ತೆಂಗಿನ ಮರದ ಕಾಗೆಗಳೆಲ್ಲ ಎದ್ದವು. ಏನಾಯಿತೆಂದು ಆಯಿ ಹಿತ್ತಿಲ ಬಾಗಿಲಿಗೆ ಓಡಿ ಬಂದಳು. ಅತ್ತೆ ಅವಳ ಕಡೆ ನೋಡಲಿಲ್ಲ. ಬೇಲಿಯಾಚೆ ರಸ್ತೆಯ ಕಡೆಗೆ ಮುಖಮಾಡಿ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಕೊಡ ಎತ್ತಿ ಸೊಂಟಕ್ಕಿಟ್ಟುಕೊಂಡು ಒಳಗೆ ಹೋದಳು.